ಬೈಂಡಿಂಗ್ ಅಂಗಡಿಯ ಖಲೀಫ

ರಂಜಾನ್ ತಿಂಗಳು ನಮ್ಮ ಮನೆಯಲ್ಲಿ ಉಪವಾಸ ಬಿಡುವುದು ಎರಡು ಸಲ. ಸೂರ್ಯ ಮುಳುಗಿದ ಕೂಡಲೇ ನನ್ನ ಮಾವ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತಾರೆ. ಅವರು ಸುನ್ನಿ. ನನ್ನ ಅಪ್ಪ ಶಿಯಾ. ಆಕಾಶದ ಕೆಂಪು ಆರುವ ತನಕ ಎಂದು ಅವರು ಇನ್ನೂ ಹತ್ತು ಹನ್ನೆರಡು ನಿಮಿಷ ಕಾಯುತ್ತಾರೆ. ಅಷ್ಟು ಹೊತ್ತೂ ಮಾವ ಅಪ್ಪನ ಎದುರಿಗೇ ಕೂತು ಬೇಕೆಂದೇ ಚಪ್ಪರಿಸಿ ತಿನ್ನುತ್ತಾರೆ.

"ನನಗೆ ಹತ್ತು ನಿಮಿಷದ ಪುಣ್ಯ ಜಾಸ್ತಿ" ಎನ್ನುತ್ತಾರೆ ಅಪ್ಪ.

"ಹತ್ತು ನಿಮಿಷದ ಹಸಿವು ಜಾಸ್ತಿ ಅನ್ನಿ ಬೀಗರೇ" ಎನ್ನುತ್ತಾರೆ ಮಾವ, ಬೀಜ ಉಗುಳುತ್ತ.

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅಮ್ಮ ತೀರಿಕೊಂಡ ಮೇಲೆ ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದರು. ಅದಾಗಿ ಆರು ವರ್ಷವಾಯಿತು. ಮಾವ ಪುಸ್ತಕಗಳ ಬೈಂಡಿಂಗ್ ಮಾಡುವವರು. ಕೆಳಗೆ ಅಂಗಡಿ, ಮೇಲೆ ಮನೆ. ನನ್ನ ಗಂಡ ಬಸ್ಸು ಓಡಿಸುತ್ತಾರೆ. ಬೆಳಿಗ್ಗೆ ಹೊರಟರೆ ಬರುವುದು ರಾತ್ರಿ ಊಟದ ಹೊತ್ತಿಗೇ. ಹಾಗಾಗಿ ಇಬ್ಬರು ಮುದುಕರ ನಡುವೆ ಹಗಲೆಲ್ಲ ಸೀಟಿ ಊದುವ ಕೆಲಸ ನನ್ನದು.

ಮಧ್ಯಾಹ್ನ ಇಬ್ಬರೂ ಒಂದೇ ಕೋಣೆಯಲ್ಲಿ ನಮಾಜು ಮಾಡುತ್ತಾರೆ, ಮಾವ ಕೈಕಟ್ಟಿ, ಅಪ್ಪ ಕೈ ಇಳಿಬಿಟ್ಟು. ಚಾಪೆ ಮಡಚಿಟ್ಟ ಕೂಡಲೇ ಜಗಳ. ವಿಷಯ ಎಂದೂ ಬದಲಾಗುವುದಿಲ್ಲ: ಪ್ರವಾದಿಯವರು ತೀರಿಕೊಂಡ ಮೇಲೆ ಖಲೀಫ, ಅಂದರೆ ಮುಂದಾಳು, ಯಾರಾಗಬೇಕಿತ್ತು? ಮಾವನ ಪ್ರಕಾರ ಹಿರಿಯರು ಕೂಡಿ, ಮಾತಾಡಿ ಹಜರತ್ ಅಬೂಬಕರ್ ಅವರನ್ನು ಆರಿಸಿದ್ದೇ ಸರಿ. ಅಪ್ಪನ ಪ್ರಕಾರ ಪ್ರವಾದಿಯವರು ಬದುಕಿದ್ದಾಗಲೇ, ಸುಡುಬಿಸಿಲಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಅಳಿಯ ಹಜರತ್ ಅಲಿಯವರ ಕೈಯೆತ್ತಿ ತೋರಿಸಿ ಆಗಿತ್ತು. ಆಮೇಲೆ ಸಭೆ ಏಕೆ?

"ಆ ಸಭೆ ನಡೆದಾಗ ಅಲಿಯವರು ಎಲ್ಲಿದ್ರು ಬೀಗರೇ? ಪ್ರವಾದಿಯವರ ಅಂತಿಮ ಸ್ನಾನ ಮಾಡಿಸ್ತಿದ್ರು. ಕೆಲಸ ಮಾಡೋರು ಒಳಗೆ, ಕುರ್ಚಿ ಹಂಚೋರು ಹೊರಗೆ!"

"ಸಮುದಾಯ ಒಡೆದು ಚೂರಾಗೋದ್ರಲ್ಲಿತ್ತು. ಯಾರಾದ್ರೂ ಒಬ್ರು ಹಿಡೀಬೇಕಿತ್ತು. ನೀವಿದ್ದಿದ್ರೆ ಗಡಿಯಾರ ರಿಪೇರಿ ಆಗೋ ತನಕ ತಡೀರಿ ಅಂತಿದ್ರಾ?"

ಕೆಲಸ ಮಾಡುವವರು ಒಳಗೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಪಾತ್ರೆ ತಿಕ್ಕುತ್ತಲೇ ಅಪ್ಪನ ಕಡೆಗೆ ವಾಲುತ್ತಿದ್ದೆ. ಮನೆಗೆ ಯಾವ ಬಣ್ಣ, ನೀರಿನ ಟ್ಯಾಂಕು ಎಲ್ಲಿ ಎಂಬುದೆಲ್ಲ ತೀರ್ಮಾನವಾಗಿದ್ದು ನನ್ನ ಕೈಯಲ್ಲಿ ಸೋಪಿದ್ದಾಗಲೇ. ಆದರೆ ಮಾವನ ಮಾತೂ ಸುಳ್ಳೆನಿಸುತ್ತಿರಲಿಲ್ಲ. ಹೊತ್ತು ಮೀರಿದರೆ ಯಾರಾದರೊಬ್ಬರು ಒಲೆ ಹಚ್ಚಲೇಬೇಕಲ್ಲ.

ಈ ವರ್ಷ ರಂಜಾನ್ ಕಳೆದ ಮೇಲೆ ಆ ಜಗಳ ಮೆಟ್ಟಿಲಿಳಿದು ನಮ್ಮ ಅಂಗಡಿಗೇ ಬಂತು.

ಒಂದು ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರ ಒತ್ತುವಾಗ ಮಾವನ ಕೈ ನಡುಗಿ ಸಾಲು ಬೆಟ್ಟ ಹತ್ತಿತು. ಅವರು ಬೈಯಲಿಲ್ಲ, ಯಾರನ್ನೂ ದೂರಲಿಲ್ಲ. ಕನ್ನಡಕ ತೆಗೆದಿಟ್ಟು, "ಇನ್ನು ನಾನು ಸ್ಟೂಲಿನ ಮೇಲೆ ಕೂರಲ್ಲ" ಎಂದರು. ಕಿಟಕಿ ಪಕ್ಕದ ಆ ಎತ್ತರದ ಸ್ಟೂಲೆಂದರೆ ಅಂಗಡಿಯ ಯಜಮಾನಿಕೆ. ಯಾವ ಪುಸ್ತಕಕ್ಕೆ ಯಾವ ಹೊಲಿಗೆ, ಯಾವ ಕೆಲಸ ಒಪ್ಪಬೇಕು, ಯಾವುದನ್ನು ವಾಪಸ್ ಕಳಿಸಬೇಕು, ಎಲ್ಲವೂ ಅಲ್ಲಿ ಕೂತವರ ಮಾತಿನಂತೆ.

ಆ ಸ್ಟೂಲಿಗೆ ಇಬ್ಬರಿದ್ದರು. ಒಬ್ಬಳು ನನ್ನ ಮಗಳು. ವಯಸ್ಸು ಇಪ್ಪತ್ತೆರಡು. ಶಾಲೆಯ ಚೀಲ ಎಸೆದು ತಾತನ ಪಕ್ಕ ಕೂತು ಕಲಿತವಳು. ಇನ್ನೊಬ್ಬ ನನ್ನ ಮೈದುನ. ಹನ್ನೆರಡು ವರ್ಷದಿಂದ ಕೌಂಟರಿನಲ್ಲಿದ್ದಾನೆ, ಮಾತು ಬೆಣ್ಣೆ, ಗಿರಾಕಿಗಳಿಗೆ ಅವನೆಂದರೆ ಪ್ರಾಣ. ಕೆಟ್ಟವನಲ್ಲ. ಆದರೆ ಹೊಲಿಗೆಯ ಚೌಕಟ್ಟುಗಳನ್ನೆಲ್ಲ ಮಾರಿ ಸ್ಪೈರಲ್ ಯಂತ್ರ ತರಬೇಕೆಂಬ ಹುಚ್ಚು ಅವನಿಗೆ.

"ಅಮ್ಮ, ಚಿಕ್ಕಪ್ಪ ಸ್ಟೂಲು ಹತ್ತಿದ್ರೆ ನಾನು ರಟ್ಟಿನ ಪೆಟ್ಟಿಗೆ ಫ್ಯಾಕ್ಟರಿಗೆ ಹೋಗ್ತೀನಿ" ಎಂದಳು ಮಗಳು, ನನ್ನ ಜೊತೆ ಬಟ್ಟೆ ಮಡಚುತ್ತ. "ದಿನವಿಡೀ ಪೆಟ್ಟಿಗೆ ಮಡಚ್ತೀನಿ. ಕಲಿತಿದ್ದೆಲ್ಲ ಕೈಗೆ ಮರೆತೇ ಹೋಗಲಿ."

ಅಳಲಿಲ್ಲ. ಅಂಗಿಯ ಕಾಲರು ನೇರ ಮಾಡಿ ಮಡಚಿಟ್ಟಳು. ಅತ್ತಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ಸಭೆ ಕರೆದವನು ಮೈದುನ. ಶುಕ್ರವಾರ, ನಾಲ್ಕು ಗಂಟೆ, ಮೇಲಿನ ಹಜಾರ. ಅದೇ ನಾಲ್ಕು ಗಂಟೆಗೆ ಕೆಳಗೆ ಗ್ರಂಥಾಲಯವೊಂದರ ನಲವತ್ತು ಸಂಪುಟಗಳ ಬೆನ್ನಿಗೆ ಸರೇಸಿನ ಅಂಟು ಬೀಳುವುದಿತ್ತು. ಬಿಸಿ ಸರೇಸು ಸವರಿದ ಮೇಲೆ ಅದು ಅರ್ಧ ಆರಿದಾಗ, ಬೆರಳಿಗೆ ಅಂಟಿಯೂ ಅಂಟದ ಹಾಗಿರುವಾಗ, ಸುತ್ತಿಗೆಯಿಂದ ತಟ್ಟಿ ಬೆನ್ನನ್ನು ಗುಂಡಗೆ ಮಾಡಬೇಕು. ತಡವಾದರೆ ಕಲ್ಲಾಗುತ್ತದೆ. ಮೈದುನನಿಗೆ ಇದು ಗೊತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಮಗಳು ಮಾತ್ರ ಕೆಳಗೆ ಉಳಿದಳು.

ಹಜಾರದಲ್ಲಿ ಮಾವ, ಅಪ್ಪ, ಮೈದುನ. ಜೊತೆಗೆ ಮೂವತ್ತು ವರ್ಷದಿಂದ ಹಾಳೆ ಹೊಲಿಯುತ್ತಿರುವ ಹೊಲಿಗೆಯಮ್ಮ, ಕಾಗದ ಕತ್ತರಿಸುವ ಕತ್ತರಿಯಣ್ಣ. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ.

ಮಾವ ಗಂಟಲು ಸರಿಮಾಡಿಕೊಂಡರು. "ಸಭೆ ಯಾತಕ್ಕೆ? ನನ್ನ ನಂತರ ಮೊಮ್ಮಗಳು ಅಂತ ನಾನು ಯಾವತ್ತೋ ಹೇಳಿಯಾಗಿದೆ. ಎರಡು ವರ್ಷದ ಹಿಂದೆ ಪುಸ್ತಕ ಒತ್ತೋ ಹೊಸ ಪ್ರೆಸ್ಸು ಬಂದ ದಿನ ನಿಮ್ಮೆಲ್ಲರ ಎದುರಿಗೆ ಅವಳ ಕೈಯೆತ್ತಿ ಹಿಡಿದು ತೋರಿಸಿರಲಿಲ್ವಾ?"

"ಎತ್ತಿದ್ರಿ ಯಜಮಾನ್ರೇ, ಸುಳ್ಳು ಯಾಕೆ" ಎಂದಳು ಹೊಲಿಗೆಯಮ್ಮ. "ಆದ್ರೆ ಅವಳ ಕೆಲಸ ಹೊಗಳ್ತಿದ್ದೀರಿ ಅಂದ್ಕೊಂಡ್ವಿ."

"ಅವತ್ತು ಸೆಕೆ ಬೇರೆ" ಎಂದ ಕತ್ತರಿಯಣ್ಣ. "ಊಟಕ್ಕೆ ಯಾವಾಗ ಬಿಡ್ತಾರಪ್ಪಾ ಅನ್ನೋದೇ ನನ್ನ ಯೋಚನೆ."

ಆಗ ನನ್ನ ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ತಾನು ಯಜಮಾನನಾದರೆ ಅಂಗಡಿ ಬಾಗಿಲ ಬಳಿ ಒಂದು ಮೂಲೆ ಕೊಡುತ್ತೇನೆ, ಗಡಿಯಾರ ಬಿಚ್ಚಿಕೊಂಡು ಕೂರಿ ಎಂದು ಮೈದುನ ಅವರಿಗೆ ಮಾತು ಕೊಟ್ಟಿದ್ದ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು.

"ಒಬ್ಬರು ಬೊಟ್ಟು ಮಾಡಿ ತೋರಿಸಿದ ಮಾತ್ರಕ್ಕೆ ಆಗೋಲ್ಲ ಬೀಗರೇ" ಎಂದರು ಅಪ್ಪ. "ಅಂಗಡಿ ಅಂದ್ರೆ ಎಲ್ಲರದ್ದು. ಹಿರಿಯರು ಕೂತು, ಮಾತಾಡಿ, ಅನುಭವ ಇದ್ದೋರನ್ನ ಆರಿಸಬೇಕು. ಹುಡುಗಿಗೆ ಇನ್ನೂ ಚಿಕ್ಕ ವಯಸ್ಸು. ಮುಂದೆ ನೋಡಿದ್ರಾಯ್ತು."

ನಾನು ಸುಮ್ಮನಿರಬೇಕಿತ್ತು. ಇಪ್ಪತ್ತೈದು ವರ್ಷ ಸುಮ್ಮನಿದ್ದವಳಿಗೆ ಇನ್ನು ಐದು ನಿಮಿಷ ಏನು ಮಹಾ? ಆದರೆ ನಗು ಮೊದಲು ಬಂತು, ಮಾತು ಅದರ ಬೆನ್ನಿಗೇ ಜಾರಿತು.

"ಅಪ್ಪಾ, ನೀವು ಯಾವಾಗ ಸುನ್ನಿ ಆದ್ರಿ? ಮಾವ, ನೀವು ಶಿಯಾ ಆಗಿದ್ದು ನಿಮ್ಮ ಬೀಗರಿಗೆ ಗೊತ್ತಾ?"

ಕತ್ತರಿಯಣ್ಣನ ಬಾಯಲ್ಲಿದ್ದ ಚಹಾ ಮೂಗಿಗೆ ಹೋಯಿತು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮಸೀದಿಯಿಂದ ಅರ್ಧ ದಾರಿ ಬಂದ ಮೇಲೆ ಚಪ್ಪಲಿ ಅದಲುಬದಲಾಗಿದ್ದು ಕಂಡವರ ಹಾಗಿತ್ತು ಆ ನೋಟ.

"ಛೆ ಛೆ" ಎಂದರು ಮಾವ, ಮುಖ ಕೆಂಪಾಗಿ. "ನಾನು ನೇಮಕ ಗೀಮಕ ಅಂತ ಹೇಳಲೇ ಇಲ್ಲ. ಸಲಹೆ ಅಷ್ಟೇ. ತೀರ್ಮಾನ ಸಭೆಯದ್ದೇ. ಹಿಂದಿನಿಂದ ನಾನು ಹೇಳ್ತಾ ಬಂದಿರೋದೇ ಅದು."

"ಸಭೆಯಂತೆ ಸಭೆ!" ಅಪ್ಪ ಎದ್ದೇ ನಿಂತರು. "ಕೆಲಸ ಮಾಡೋ ಮಗು ಕೆಳಗೆ ಬೆವರು ಸುರಿಸ್ತಿದೆ, ಇಲ್ಲಿ ಚಹಾ ಕುಡ್ಕೊಂಡು ಸ್ಟೂಲು ಹಂಚ್ತಿದ್ದೀರಿ. ಕೈಯೆತ್ತಿ ತೋರಿಸಿ ಆದ್ಮೇಲೆ ಮುಗೀತು!"

ಈಗ ನನ್ನ ನಗು ಆರಿತು. ಸ್ಟೂಲು ಮಾವನದು, ಮಗಳಿಗಿದ್ದ ಬಲವೂ ಮಾವನ ಮಾತೊಂದೇ. ಆ ಮಾತನ್ನು ನಾನೇ ಒಂದು ಕುಚೋದ್ಯಕ್ಕೆ ಒಡೆದು ಹಾಕಿದ್ದೆ. ಅಪ್ಪನ ಗಂಟಲೇನೋ ದೊಡ್ಡದು. ಗಂಟಲಿನ ಮೇಲೆ ಯಾರಿಗೂ ಕೂರಲಾಗುವುದಿಲ್ಲ.

ಮೈದುನ ಅವಕಾಶ ಬಿಡಲಿಲ್ಲ. "ಜಗಳ ಯಾಕೆ? ಕೈ ಎತ್ತಿಸಿಬಿಡೋಣ. ಮೊದಲು ನಾನು, ನನ್ನ ನಂತರ ಹೇಗೂ ಅವಳೇ ತಾನೆ?"

"ಅದೂ ಸರಿನೇ" ಎಂದರು ಮಾವ, ದಾರಿ ಸಿಕ್ಕ ಸಮಾಧಾನದಲ್ಲಿ. "ಅಲಿಯವರಿಗೂ ಬಂತಲ್ಲ, ನಾಲ್ಕನೆಯವರಾಗಿ."

"ಇಪ್ಪತ್ನಾಲ್ಕು ವರ್ಷ ಆದ್ಮೇಲೆ!" ಅಪ್ಪ ಕಿರುಚಿದರು. "ನನ್ನ ಮೊಮ್ಮಗಳು ತಲೆ ಬೆಳ್ಳಗಾಗೋ ತನಕ ಸರೇಸು ಕುದಿಸ್ತಾ ಕೂತಿರಬೇಕಾ?"

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. "ಕೈ ಎತ್ತೋದಾದ್ರೆ ಎತ್ತಿ ಮಾವ. ಆದ್ರೆ ಇಲ್ಲಿ ಬೇಡ, ಕೆಳಗೆ. ಸಭೆ ಅಂದ್ಮೇಲೆ ಅಂಗಡಿಯೋರೆಲ್ಲ ಇರಬೇಕಲ್ವಾ? ಅವಳು ಕೆಲಸ ಬಿಟ್ಟು ಬರೋಕಾಗಲ್ಲ. ನಮಗೇನು, ಕಾಲು ಖಾಲಿ ಇದೆ."

ಮಾವ ಗಡ್ಡ ಕೆರೆದುಕೊಂಡರು. "ಅದು ನ್ಯಾಯ" ಎಂದರು.

"ಅತ್ತಿಗೆ, ಕೆಳಗೆ ಸರೇಸಿನ ವಾಸನೆ..." ಎಂದ ಮೈದುನ.

"ಯಜಮಾನ ಆಗೋನಿಗೆ ಅದು ಅತ್ತರು ಕಣೋ. ನಡಿ."

ನಾವೆಲ್ಲ ಇಳಿದಾಗ ಮಗಳು ತಲೆಯೆತ್ತಲಿಲ್ಲ. ಹತ್ತು ಸಂಪುಟಗಳ ಬೆನ್ನು ಹದಕ್ಕೆ ಬಂದಿತ್ತು. ಕೈ ಎರಡೇ.

"ಸದ್ಯ, ಬಂದ್ರಲ್ಲ" ಎಂದಳು. "ಕತ್ತರಿಯಣ್ಣಾ, ಪ್ರೆಸ್ಸಿನ ಹಿಡಿ ತಿರುಗಿಸಿ, ಪೂರ್ತಿ ಬೇಡ. ಹೊಲಿಗೆಯಮ್ಮಾ, ಹನ್ನೊಂದನೇ ಸಂಪುಟದ ದಾರ ಸಡಿಲ ಇದೆ, ಸ್ವಲ್ಪ ನೋಡಿ. ತಾತ, ಬೆಳಕಿಗೆ ಅಡ್ಡ ನಿಂತಿದ್ದೀರಿ. ಅಜ್ಜ, ನೀವು ಏನನ್ನೂ ಮುಟ್ಟಬೇಡಿ. ಚಿಕ್ಕಪ್ಪ, ಗುಂಡು ಸುತ್ತಿಗೆ ಕೊಡಿ."

ಮೈದುನ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. "ಎಲ್ಲಿರುತ್ತೆ ಅದು?"

ಹೊಲಿಗೆಯಮ್ಮ ಸೂಜಿ ಹಿಡಿದವಳು ಹಾಗೇ ನಿಂತಳು. ಸುತ್ತಿಗೆ ಗೋಡೆಯ ಮೊಳೆಗೆ ನೇತುಬಿದ್ದಿತ್ತು, ಮಾವ ಅಂಗಡಿ ತೆರೆದ ದಿನದಿಂದಲೂ ಅಲ್ಲೇ.

"ನಿಮ್ಮ ತಲೆಯ ಹಿಂದೆ ಚಿಕ್ಕಪ್ಪ" ಎಂದಳು ಮಗಳು, ಕೊಂಕಿಲ್ಲದೆ, ಇನ್ನೊಂದು ಕೈಯನ್ನು ಚಾಚಿ.

ಮುಕ್ಕಾಲು ಗಂಟೆ ಸಭೆಯ ನೆನಪು ಯಾರಿಗೂ ಬರಲಿಲ್ಲ. ಕೊನೆಯ ಸಂಪುಟ ಪ್ರೆಸ್ಸಿನೊಳಗೆ ಹೋದ ಮೇಲೆ ಮಾವ ಮೆಲ್ಲಗೆ, "ಇನ್ನು ಕೈ ಎತ್ತೋಣ" ಎಂದರು. "ಇಳಿಯೋನು ನಾನು. ಎಣಿಸ್ತೀನಿ, ಎತ್ತಲ್ಲ."

ಹೊಲಿಗೆಯಮ್ಮ ಮಗಳ ಕಡೆ ನೋಡಿ ಕೈ ಎತ್ತಿದಳು. ಬೆರಳ ತುಂಬ ಸರೇಸು. ಕತ್ತರಿಯಣ್ಣನೂ ಎತ್ತಿದ. ಮೈದುನ ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅದಕ್ಕೂ ಅಂಟಾಗಿತ್ತು.

"ನಾನು ಮತ ಹಾಕಲ್ಲ" ಎಂದರು ಅಪ್ಪ. "ನೇಮಕ ಆದೋರಿಗೆ ಮತ ಯಾತಕ್ಕೆ? ಸಾಕ್ಷಿ ಹೇಳ್ತೀನಿ ಅಷ್ಟೇ." ಹೀಗೆಂದು ಎರಡೂ ಕೈ ಎತ್ತಿದರು.

"ಸಾಕ್ಷಿಗೆ ಎರಡು ಕೈ ಯಾಕೆ ಬೀಗರೇ?"

"ಒಂದು ನಿಮ್ಮದು. ಎತ್ತೋಕೆ ನಿಮಗೆ ನಾಚಿಕೆ, ಅದಕ್ಕೆ."

ಮಾವ ಬೇರೆ ಕಡೆ ತಿರುಗಿ ಕನ್ನಡಕ ಒರೆಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಬಳಿಯೂ ಎರಡು ಕೈ ಇದ್ದವು.

ಮೈದುನ ಒಂದು ಉಸಿರು ಬಿಟ್ಟು, "ಸರಿ ಪುಟ್ಟಿ. ನಾನು ಕೌಂಟರ್ ನೋಡ್ಕೋತೀನಿ" ಎಂದ.

"ನೀವಿಲ್ದೆ ಗಿರಾಕಿಗಳ ಹತ್ತಿರ ಮಾತಾಡೋಕೆ ನನಗೆಲ್ಲಿ ಬರುತ್ತೆ ಚಿಕ್ಕಪ್ಪ?" ಎಂದಳು ಮಗಳು. "ಸ್ಪೈರಲ್ ಮೆಷಿನ್ನೂ ಒಂದು ತರೋಣ. ಬಾಗಿಲ ಹತ್ತಿರ ಇಡಬಹುದು."

"ಬಾಗಿಲ ಹತ್ತಿರ ನನ್ನ ಮೂಲೆ!" ಎಂದರು ಅಪ್ಪ.

ಮರುದಿನ ಬೆಳಿಗ್ಗೆ ಅವಳು ಸ್ಟೂಲು ಹತ್ತಿದಳು. ನಾನು ತಿಂಡಿಯ ಡಬ್ಬಿ ಕೊಡಲು ಇಳಿದಾಗ ಯಾರೋ ಹೊಸ ಗಿರಾಕಿ, "ಈ ಹುಡುಗಿ ಹೇಗೆ ಯಜಮಾನಿ ಆದ್ಲು?" ಎಂದು ಕೇಳುತ್ತಿದ್ದರು. ಅಂಥ ಪ್ರಶ್ನೆಯನ್ನು ನಮ್ಮ ಅಂಗಡಿಯಲ್ಲಿ ಕೇಳಬಾರದೆಂದು ಪಾಪ ಅವರಿಗೇನು ಗೊತ್ತು?

"ಸಭೆ ಸೇರಿ ಆರಿಸಿದ್ದು" ಎಂದರು ಬೆಂಚಿನ ಒಂದು ತುದಿಯಿಂದ ಮಾವ. "ಎಲ್ಲರ ಒಪ್ಪಿಗೆಯಿಂದ."

"ಆರಿಸಿದ್ದಲ್ಲ ಸ್ವಾಮಿ" ಎಂದರು ಇನ್ನೊಂದು ತುದಿಯಿಂದ ಅಪ್ಪ. "ಎರಡು ವರ್ಷದ ಹಿಂದೆಯೇ ನೇಮಕ. ಸಭೆಗೆ ತಿಳಿಯೋದು ತಡ ಆಯ್ತು."

"ನೇಮಕ ಮಾಡಿದ್ದು ನಾನು ಅಂತೀರಲ್ಲ. ನಾನು ಮಾಡಿಲ್ಲ ಅಂತ ನಾನೇ ಹೇಳ್ತಿದ್ದೀನಿ!"

"ನೀವೇನು ಮಾಡಿದ್ರಿ ಅಂತ ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಬೀಗರೇ. ನಾನು ನೋಡಿದ್ದೀನಿ."

"ನೀವು ಅವತ್ತು ನಿದ್ದೆ ಮಾಡ್ತಿದ್ರಿ!"

"ತಾತ, ಅಜ್ಜ" ಎಂದಳು ಮಗಳು, ಬೆನ್ನಿಗೆ ಬಟ್ಟೆ ಅಂಟಿಸುತ್ತಲೇ. "ಇಬ್ಬರೂ ಏಳಿ. ಹದಿನೇಳನೇ ಸಂಪುಟದ ಹೊದಿಕೆ ಕಾಗದ ನಿನ್ನೆಯಿಂದ ಹುಡುಕ್ತಿದ್ದೀನಿ, ಅದರ ಮೇಲೆ ಕೂತಿದ್ದೀರಿ."

ಇಬ್ಬರೂ ಎದ್ದರು. ಕಾಗದ ನಡುವಿಗೆ ಸರಿಯಾಗಿ ಮಡಚಿಹೋಗಿತ್ತು. ಅದರ ಮೇಲೆ ಮೊದಲು ಕೂತವರು ಯಾರು ಎಂದು ಅವರು ಶುರು ಮಾಡುವಷ್ಟರಲ್ಲಿ ನಾನು ಡಬ್ಬಿ ಇಟ್ಟು ಮೇಲೆ ಬಂದೆ. ಒಲೆಯ ಮೇಲೆ ಹಾಲಿತ್ತು.