ಹನ್ನೆರಡನೇ ಸೈಟು

"ಹನ್ನೊಂದು... ಹನ್ನೆರಡು! ಕಣ್ಣಾರೆ ನೋಡಿದ್ರಲ್ಲ?" ಟೈಲರ್ ತನ್ನ ಮನೆಯ ಗೇಟಿಗೆ ಬಡಿದು ನಿಂತ. ಬಿಸಿಲಿಗೆ ಅಂಗಿ ಬೆನ್ನಿಗಂಟಿತ್ತು. ಬೀದಿಯ ತುದಿಯ ನೀರಿನ ಟ್ಯಾಂಕಿನಿಂದ ಗಡಿಕಲ್ಲು ಎಣಿಸಿಕೊಂಡು ಬಂದದ್ದು ಇದು ಮೂರನೇ ಸಲ.

"ಯಜಮಾನ್ರೇ, ಟ್ಯಾಂಕ್ ಕಡೆಯಿಂದ ನೂರು ಸಲ ಎಣಿಸಿದ್ರೂ ಹನ್ನೆರಡೇ," ಅಂದ ಸರ್ವೇಯರ್, ನಕ್ಷೆಯಲ್ಲೇ ಗಾಳಿ ಹಾಕಿಕೊಳ್ಳುತ್ತ. "ನಂಬರ್ ಶುರುವಾಗೋದು ಮೇನ್ ರೋಡ್ ಕಡೆಯಿಂದ. ಸಾಲಿಗೆ ಇಪ್ಪತ್ನಾಲ್ಕು ಸೈಟು. ಅಲ್ಲಿಂದ ಬಂದ್ರೆ ನಿಮ್ಮನೆ ಹದಿಮೂರು. ನಿಮ್ಮ ಸೈಟು ಪಕ್ಕದ್ದು."

ಹದಿಮೂರರ ಒಡತಿ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಈಚೆಗೆ ನಿವೃತ್ತರಾದವರು. ಎಂದೋ ಕೊಂಡಿಟ್ಟ ಸೈಟಿನಲ್ಲಿ ಮನೆ ಕಟ್ಟೋಣವೆಂದು ಬಂದರೆ, ಮನೆ ಆಗಲೇ ಎದ್ದು, ಬಣ್ಣ ಬಳಿಸಿಕೊಂಡು, ಮೆಟ್ಟಿಲ ಮೇಲೆ ಮೂರು ಜೊತೆ ಚಪ್ಪಲಿಯನ್ನೂ ಇಟ್ಟುಕೊಂಡಿತ್ತು.

ಗೇಟಿನೊಳಗೆ ನಿಂತಿದ್ದ ಮಗಳಿಗೆ ಅಪ್ಪನ ಮುಖ ನೋಡಲಾಗಲಿಲ್ಲ. ಅಳತೆ ಹತ್ತು ಸಲ, ಕತ್ತರಿ ಒಂದೇ ಸಲ ಎಂದು ಗಿರಾಕಿಗಳೆದುರು ಜಂಬ ಕೊಚ್ಚುವ ಮನುಷ್ಯ. ಮೇಸ್ತ್ರಿಯನ್ನು ನಂಬದೆ ಪಾಯವನ್ನು ತಾನೇ ಅಳೆದಿದ್ದ. ಅಡುಗೆಮನೆಯ ಕಿಟಕಿಯನ್ನು ಕುಳ್ಳಿ ಅಮ್ಮನಿಗೆ ಬೀದಿ ಕಾಣಲೆಂದು ಒಂದು ಗೇಣು ಕೆಳಗೇ ಇಡಿಸಿದ್ದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ಎಣಿಕೆ ಶುರು ಮಾಡಿದ ತುದಿ.

"ಸರಿ, ಅದಲುಬದಲು ಮಾಡ್ಕೊಳ್ಳೋಣಮ್ಮ. ಆ ಸೈಟು ನೀವಿಟ್ಕೊಳ್ಳಿ," ಅಂದ ಅಪ್ಪ. ಮಾತು ಬಾಯಿಂದ ಬಿದ್ದ ಮೇಲೆ ತಾನೇ ಪಕ್ಕಕ್ಕೆ ತಿರುಗಿ ನೋಡಿದ. ಎಲ್ಲರೂ ನೋಡಿದರು.

ಹನ್ನೆರಡನೇ ಸೈಟಿನ ನಟ್ಟನಡುವೆ ಒಂದಾಳು ಆಳದ ಚರಂಡಿ ಹಾದುಹೋಗಿತ್ತು. ಇಡೀ ಬಡಾವಣೆಯ ಕೊಳೆನೀರಿಗೆ ಅದೇ ದಾರಿ.

ಹತ್ತು ವರ್ಷದ ಹಿಂದೆ ಆ ಚರಂಡಿ ಮನೆಗಳ ಮುಂದೆ ಬರುವುದಿತ್ತು. ಅಪ್ಪ ಮನೆಮನೆ ಸುತ್ತಿ ಸಹಿ ಹಾಕಿಸಿದ. 'ಪಕ್ಕದ ಸೈಟಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಅದರ ನಡುವೆಯೇ ತೋಡಿರಿ' ಎಂಬ ಅರ್ಜಿಯನ್ನು ಎಂಟನೇ ಕ್ಲಾಸಿನ ಮಗಳಿಂದ ಬರೆಸಿದ್ದ. ಕಚೇರಿಯವರು ಅಲ್ಲಿ ನೋಟಿಸು ಅಂಟಿಸಿದಾಗ ಸಾಕ್ಷಿಯಾಗಿ ನಿಂತವನೂ ಅವನೇ. ಗಡುವು ಕೊಟ್ಟ ತಿಂಗಳೊಳಗೆ ಮಾಲೀಕ ತಕರಾರು ಹೇಳಲಿಲ್ಲ. ಮಾಲೀಕ ಬೇಜವಾಬ್ದಾರಿ ಪ್ರಾಣಿ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಬೈಯುತ್ತಿದ್ದ.

"ತಾನು ತೋಡಿದ ಹಳ್ಳಕ್ಕೆ ತಾನೇ ಅಂತಾರಲ್ಲ, ಹಾಗಾಯ್ತಲ್ಲೋ ಟೈಲರ್!" ಎದುರುಮನೆಯ ಕಂಡಕ್ಟರ್ ಕಾಂಪೌಂಡಿನ ಮೇಲಿಂದ ಕೂಗಿದ. ಯಾರೂ ನಗಲಿಲ್ಲ. ಕಂಡಕ್ಟರ್ ನಾಲಿಗೆ ಕಚ್ಚಿಕೊಂಡು ಒಳಗೆ ಹೋದ.

ಅಮ್ಮ ತಂದುಕೊಟ್ಟ ನೀರು ಕುಡಿದು ನರ್ಸಮ್ಮ ಲೋಟ ಕೆಳಗಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈಗುಳಕ್ಕೆ ಬೈಗುಳವಾದರೂ ಇರುತ್ತಿತ್ತು ಅನ್ನಿಸಿತು ಮಗಳಿಗೆ.

"ಕೋರ್ಟು ಕಚೇರಿ ನಂಗೂ ಬೇಡ ಅಣ್ಣ," ಅಂದರು ಅವರು. "ನಾನು ಒಂಟಿ ಜೀವ, ಮುಂದಿನ ರೂಮು ಸಾಕು. ಹಿಂದಿನದೆಲ್ಲ ನೀವೇ ಇಟ್ಕೊಳ್ಳಿ. ಬಾಡಿಗೆ ಬೇಡ. ನೀವಿಬ್ರೂ ಇರೋ ತನಕ ಏಳಿ ಅನ್ನಲ್ಲ. ಬೇಕಾದ್ರೆ ಬರ್ಕೊಡ್ತೀನಿ."

ಸರ್ವೇಯರ್ ನಕ್ಷೆ ಬೀಸುವುದನ್ನು ನಿಲ್ಲಿಸಿ, "ದೇವರಂಥವರು ಸಿಕ್ಕಿದಾರೆ, ಯಜಮಾನ್ರೇ," ಅಂದ.

ಅಮ್ಮನ ಉಗುರು ಮಗಳ ಮುಂಗೈಗೆ ನಾಟಿತು. "ಏನ್ರೀ... ಹೂಂ ಅನ್ರೀ. ಈ ವಯಸ್ಸಲ್ಲಿ ಎಲ್ಲಿಗೆ ಹೋಗೋಣ? ನಿಮ್ಮ ದಮ್ಮಯ್ಯ."

ಹೂಂ ಅನ್ನಪ್ಪ, ಎಂದು ಮಗಳೂ ಒಳಗೊಳಗೇ ಬೇಡಿಕೊಂಡಳು. ಹೋಗಲು ಎಲ್ಲೂ ಜಾಗವಿರಲಿಲ್ಲ. ಇದ್ದ ಜಾಗದಲ್ಲಿ ಕೊಳೆನೀರು ಹರಿಯುತ್ತಿತ್ತು.

"ಯಾರ ಮನೇಲಿ ಇರೋದು?" ಅಪ್ಪ ಕೇಳಿದ.

ನಮ್ಮನೆ ಎನ್ನಲೂ ನಿಮ್ಮನೆ ಎನ್ನಲೂ ಆಗದೆ ನರ್ಸಮ್ಮ ತಡವರಿಸಿದರು. "ಈ ಮನೇಲೇ, ಅಣ್ಣ."

"ಬೇಡ," ಅಂದ ಅಪ್ಪ. "ನಾವಿರಲ್ಲ."