ಪತ್ತೇದಾರನ ಗೋಡೆ

ಹಳೆಯ ಕಾದಂಬರಿಯಲ್ಲಿ ಪತ್ತೇದಾರ ಧೋತರ ಉಟ್ಟು, ಕೊಡೆ ಹಿಡಿದು ಓಡಾಡುತ್ತಿದ್ದ. ಅದನ್ನು ಧಾರಾವಾಹಿ ಮಾಡಿದ ಟೀವಿಯವರು ಅವನಿಗೆ ಉದ್ದನೆಯ ಕರಿ ಕೋಟು ತೊಡಿಸಿದರು. ಅದೂ ಬಾದಾಮಿಯಲ್ಲಿ, ಏಪ್ರಿಲ್ ತಿಂಗಳಲ್ಲಿ.

“ಕಳ್ಳನ್ನ ಆಮ್ಯಾಲ ಹುಡುಕ್ಲಿ, ಮೊದಲ ನೆಳ್ಳ ಹುಡುಕ್ಕೊಳ್ಳಲಿ,” ಎಂದು ತೌಸಿಫ ನಗುತ್ತಿದ್ದ. ಬಾಗಲಕೋಟೆಯ ಅವನೇ ಕಲಾ ವಿಭಾಗದ ಮುಖ್ಯಸ್ಥ. ತಪ್ಪಿಲ್ಲದೆ ಕನ್ನಡ ಬರೆಯುವವರು ಬೇಕೆಂದು ಇಳಕಲ್ಲಿನಿಂದ ನನ್ನನ್ನು ಮೂರು ವಾರಕ್ಕೆ ಕರೆಸಿಕೊಂಡಿದ್ದ.

ನನಗೆ ಒಪ್ಪಿಸಿದ್ದು ಪತ್ತೇದಾರನ ಕೋಣೆಯ ಗೋಡೆ. ಕಾಣೆಯಾದ ಹೆಣ್ಣುಮಕ್ಕಳ ಫೋಟೊ, ನಕಾಶೆ, ನಾವೇ ಮುದ್ರಿಸಿದ ಪತ್ರಿಕೆಯ ತುಣುಕು, ಅವುಗಳ ನಡುವೆ ಕೆಂಪು ದಾರ. ಇಡೀ ಧಾರಾವಾಹಿ ನೀಲಿ, ಬೂದು. ಬಾದಾಮಿಯ ಕೆಂಪು ಬಂಡೆಗಳ ಬಣ್ಣವನ್ನೂ ಕಂಪ್ಯೂಟರಿನಲ್ಲಿ ತೆಗೆದುಬಿಡುತ್ತಿದ್ದರು. ಕೆಂಪು ಉಳಿಯುವುದು ಆ ಗೋಡೆಯ ಮೇಲೆ ಮಾತ್ರ. ಸತ್ತದ್ದು ಖಾತ್ರಿಯಾದವಳ ಫೋಟೊ ಮೇಲೆ ಪತ್ತೇದಾರ ಕೆಂಪು ಗೆರೆ ಎಳೆಯುತ್ತಾನೆ. ಪ್ರತಿ ಸಂಚಿಕೆ ಆ ಗೆರೆಯಲ್ಲೇ ಮುಗಿಯುತ್ತದೆ.

ಫೋಟೊಗಳಲ್ಲಿ ಇದ್ದವರೆಲ್ಲ ಸಣ್ಣಪುಟ್ಟ ನಟಿಯರು. ಅವರ ನಡುವೆ, ಯಾರನ್ನೂ ಕೇಳದೆ, ನನ್ನ ಅಕ್ಕ ಕಸ್ತೂರಿಯ ಫೋಟೊ ಅಂಟಿಸಿದೆ.

ಅಕ್ಕನನ್ನು ಕೆರೂರಿಗೆ ಕೊಟ್ಟಿದ್ದೆವು. ನಾಲ್ಕು ವರ್ಷದ ಹಿಂದೆ ಸಂತೆಗೆ ಹೋದವಳು ಗಂಡನ ಮನೆಗೂ ಬರಲಿಲ್ಲ, ನಮ್ಮಲ್ಲಿಗೂ ಬರಲಿಲ್ಲ. ಟೀವಿಯನ್ನು ಎಷ್ಟೋ ಊರುಗಳಲ್ಲಿ ನೋಡುತ್ತಾರೆ. ಯಾರಾದರೂ ಗುರುತಿಸಬಹುದು, ಅಕ್ಕನೇ ಎಲ್ಲೋ ಕುಳಿತು ನೋಡಿ ಫೋನ್ ಮಾಡಬಹುದು. ಅಷ್ಟೇ ನನ್ನ ಲೆಕ್ಕಾಚಾರ.

ಚಿತ್ರೀಕರಣ ಶುರುವಾದ ಮೇಲೆ ಮಾನಿಟರಿನಲ್ಲಿ ಇಣುಕಿದೆ. ಪತ್ತೇದಾರನ ಕಿವಿಯ ಕೂದಲು ಸಹ ಸ್ಪಷ್ಟ. ಹಿಂದಿನ ಗೋಡೆ ಬರೀ ಮಸುಕು.

“ಗ್ವಾಡಿ ಕಾಣೂದ ಇಲ್ಲಲ್ರೀ?” ತೌಸಿಫನನ್ನು ಕೇಳಿದೆ.

“ಕಾಣಬಾರದ್ರಿ ಅಕ್ಕಾರ. ಹೀರೋನ ಮಾರಿ ಕಾಣಬೇಕು. ಗ್ವಾಡಿ ಅಲ್ಲೈತಿ ಅನಿಸಿದ್ರ ಸಾಕು.”

“ಮತ್ತ ನಾ ಅಷ್ಟು ಸಣ್ಣ ಅಕ್ಷರದಾಗ ಬರದದ್ದು?”

“ಅದನ್ನ ಮ್ಯಾಲಿನಾಂವ ಓದ್ತಾನ ಬಿಡ್ರಿ.”

ಕ್ಯಾಮೆರಾ ಹತ್ತಿರ ಹೋಗುತ್ತಿದ್ದದ್ದು ಕೆಂಪು ಗೆರೆ ಬಿದ್ದ ಮುಖಕ್ಕೆ ಮಾತ್ರ. ಹತ್ತಿರದ ಆ ಶಾಟಿಗೆ ಗೆರೆ ಎಳೆದಿಡುವುದು ಕಲಾ ವಿಭಾಗದ ಕೆಲಸ.

ಕೊನೆಯ ದಿನ, ಐದನೆಯ ಸಂಚಿಕೆಯ ನಟಿಯ ಫೋಟೊ ಟೇಪು ಕೀಳುವಾಗ ಹರಿದುಹೋಯಿತು. ತೌಸಿಫ ಗಡಿಬಿಡಿಯಲ್ಲಿದ್ದ. “ಯಾವುದಾರ ಒಂದು ಆರಿಸಿ ಗೆರಿ ಹೊಡೀರಿ ಅಕ್ಕಾರ, ಲಗೂನ!” ಎಂದು ಪೆನ್ನು ಕೈಗಿಟ್ಟ. ಗೆರೆ ಎಳೆದರೆ ಅಕ್ಕ ಆರು ಸೆಕೆಂಡು ಕಾಣುತ್ತಾಳೆ. ಎಳೆಯದಿದ್ದರೆ ಮಸುಕಿನಲ್ಲೇ ಉಳಿಯುತ್ತಾಳೆ. ಕಣ್ಣು, ಮೂಗು, ಗದ್ದದ ಮಚ್ಚೆ ತಪ್ಪಿಸಿ, ಕೊರಳಿಗೆ ಅಡ್ಡಲಾಗಿ ಎಳೆದೆ.

ಅವ್ವನಿಗೆ ಹೇಳಲಿಲ್ಲ. ಫೋನ್ ಬಾರದೆ ಹೋದರೆ ಅವಳೂ ಕಾಯುತ್ತ ಕೂರುವುದು ಬೇಡವೆನಿಸಿತ್ತು. ಮಗಳು ಕೆಲಸ ಮಾಡಿದ್ದೆಂದು ಅವಳು ಭಾನುವಾರ ಸಂಜೆಯ ಧಾರಾವಾಹಿ ತಪ್ಪಿಸುತ್ತಿರಲಿಲ್ಲ. ಪ್ರತಿ ಸಲ ಕೊನೆಗೆ, “ಕೆಂಪ ಗೆರಿ ಬಿತ್ತು. ಮುಗೀತ ಆ ಕೂಸಿನ ಕತಿ,” ಎಂದು ಎದ್ದು ಹೋಗುತ್ತಿದ್ದಳು. ಐದನೆಯ ಭಾನುವಾರ ಅವಳನ್ನು ಪಕ್ಕದ ಗುಲಾಬಬಿಯ ಮನೆಗೆ ಕಳಿಸಲು ನೋಡಿದೆ. “ಧಾರಾವಾಹಿ ಮುಗೀಲಿ, ಹೋಗ್ತೇನಿ,” ಎಂದಳು.

ಅಕ್ಕ ಕಂಡಳು. ಮಚ್ಚೆಯೂ ಕಂಡಿತು. ಅವ್ವ ಎದ್ದು ಹೋಗಲಿಲ್ಲ.

“ಅವ್ವಾ, ಅದು ನಾಟಕ. ಫೋಟೊ ನಾ ಹಚ್ಚಿದ್ದು. ಗೆರಿನೂ ನಾನ ಎಳದದ್ದು. ಅಕಿ ಮಾರಿ ಕಾಣಲಿ ಅಂತ.”

“ನಾಟಕ ಅಂತ ನನಗ ಗೊತ್ತಿಲ್ಲೇನು?” ಎಂದಳು ಅವ್ವ. ಟೀವಿ ಆರಿಸಿ, “ನಿನ್ನ ಕೈಲೆ ಎಳದಿ ಅಂದ್ರ, ನಿನಗೂ ಹಂಗ ಅನಿಸಿರಬೇಕು,” ಎಂದಳು.

ಇಲ್ಲ ಎನ್ನಬೇಕೆಂದಿದ್ದೆ. ಒಂದು ವಾರ ತಡೆ, ಫೋನ್ ಬರುತ್ತದೆ ಎಂದಷ್ಟೇ ಹೇಳಿದೆ. ಸ್ನಾನಕ್ಕೆ ಹೋದಾಗಲೂ ಫೋನನ್ನು ಬಚ್ಚಲ ಕಿಟಕಿಯಲ್ಲಿ ಇಟ್ಟುಕೊಂಡೆ. ಹುನಗುಂದದಿಂದ ಸೋದರತ್ತೆ ಫೋನ್ ಮಾಡಿ ಅತ್ತಳು. ತೌಸಿಫ ಮಾಡಿದ: “ಅಕ್ಕಾರ, ಆ ಕೊನೀ ಫೋಟೊ ಭಾಳ ಖರೇ ಕಾಣ್ತು ನೋಡ್ರಿ. ಯಾರ್ರಿ ಆ ನಟಿ? ಮುಂದಿನ ಸಲ ಕರಸೋಣು.” ಗೊತ್ತಿಲ್ಲ ಎಂದೆ. ಮೂರನೆಯ ಫೋನ್ ಬರಲಿಲ್ಲ.

ವಾರ ಕಳೆದು ಬಂದ ಸೋಮವಾರ ಅವ್ವ ನನ್ನನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋದಳು. ನಮ್ಮಲ್ಲಿ ಮುತ್ತೈದೆ ಸತ್ತರೆ ತವರುಮನೆಯವರು ಹಸಿರು ಸೀರೆ ಒಯ್ಯಬೇಕು. ಮೈಗೆ ಹೊದಿಸಲು ಅಕ್ಕ ಇಲ್ಲ. ಹೊಳೆಗೆ ಬಿಡುವುದೆಂದು ಅವ್ವ ಒಬ್ಬಳೇ ತೀರ್ಮಾನಿಸಿದ್ದಳು.

“ಯಾರಿಗ್ರಿ ಸಕ್ರವ್ವ?” ಅವ್ವ ಕೇಳಿದ ಕಡಿಮೆ ಬೆಲೆಯ ಹಸಿರು ಸೀರೆ ಬಿಚ್ಚುತ್ತ ಅಂಗಡಿಯ ಚಂದಪ್ಪ ಕೇಳಿದ.

“ಹಿರೇ ಮಗಳಿಗೆ.”

“ಬಂದಾಳೇನು? ಏ, ಚಲೋ ಆತು ಬಿಡ್ರಿ!” ಅವನ ಮುಖ ಅರಳಿತು. “ಮತ್ತ ಇದ್ಯಾಕ ಹಗುರಂದು? ಇದನ್ನ ನೋಡ್ರಿ, ರೇಷ್ಮಿ ಸೆರಗು, ಅಕಿ ಬಣ್ಣಕ್ಕ ಒಪ್ಪತೈತಿ.”

ಅವ್ವ ನನ್ನ ಕಡೆ ನೋಡಲಿಲ್ಲ. ಸೆರಗನ್ನು ಬೆಳಕಿಗೆ ಹಿಡಿದು, ನೂಲು ಎಲ್ಲಾದರೂ ಕಡಿದಿದೆಯೇ ಎಂದು ತುದಿಯಿಂದ ತುದಿಯವರೆಗೆ ನೋಡಿದಳು.

“ಹೂಂ,” ಎಂದಳು, “ಇದನ್ನ ಕೊಡ್ರಿ.”