ಕಾಯಿನ್ ಕಪಾನ್

ಮೂರು ಗಂಟೆಗೆ ಇನ್ನೈದು ನಿಮಿಷ ಇದೆ ಎನ್ನುವಾಗ ಸುಕೇಶ ಟೀ ಶರ್ಟ್ ಎಣಿಸುವುದನ್ನು ನಿಲ್ಲಿಸಿದ. ಕೈಯ ಧೂಳು ಕೊಡವಿಕೊಂಡು ಗೋದಾಮಿನ ಮೂಲೆಯ ಮೇಜಿನ ಮುಂದೆ ಹೋಗಿ ಕುಳಿತ. ಮೇಜಿನ ಮೇಲೆ ಒಂದು ಮೊಬೈಲು, ಒಂದು ನೋಟ್‌ಬುಕ್ಕು. ಹೊರಗೆ ಸಿಂಗಾಪುರದ ಟುವಾಸ್‌ನ ಅಗಲವಾದ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಎರಡು ದಿನದಿಂದ ಹೇಜ್, ಅಂದರೆ ದೂರದ ಕಾಡ್ಗಿಚ್ಚಿನ ಹೊಗೆ, ಕವಿದಿತ್ತು. ಎದುರಿನ ಕಾರ್ಖಾನೆಯ ಗೇಟು ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ.

ಕಾರ್ಕಳದ ಕಡೆಯ ಈ ಸುಕೇಶ ಸಿಂಗಾಪುರಕ್ಕೆ ಬರುವ ಮೊದಲು ಆರು ವರ್ಷ ಇಂಡೋನೇಷ್ಯಾದ ಸುರಬಾಯಾದಲ್ಲಿ ಕೆಲಸ ಮಾಡಿದ್ದ. ಅಲ್ಲಿ ಕಲಿತ ಭಾಷೆಯ ಬಗ್ಗೆ ಅವನಿಗೆ ಸ್ವಲ್ಪ ಹೆಚ್ಚೇ ಎನ್ನಬಹುದಾದ ಹೆಮ್ಮೆಯಿತ್ತು. ಸಾಲು ತಿಂಡಿಯಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಸೋಟೋ ಸಾರು ಮಾರುವವನ ಹತ್ತಿರವೂ ಅದನ್ನು ಪ್ರದರ್ಶಿಸದೆ ಬಿಡುತ್ತಿರಲಿಲ್ಲ. ಈಗ ಅವನಿದ್ದದ್ದು ಒಂದು ನೆರವು ಸಂಸ್ಥೆಯಲ್ಲಿ. ಅಕ್ಕಪಕ್ಕದ ದೇಶಗಳಲ್ಲಿ ಭೂಕಂಪವೋ ನೆರೆಯೋ ಆದಾಗ ಸರ್ಕಾರ ವಿಮಾನ ಕೊಡುತ್ತಿತ್ತು, ಸಂಸ್ಥೆ ಸಾಮಾನು ತುಂಬುತ್ತಿತ್ತು. ಹನ್ನೊಂದು ದಿನದ ಹಿಂದೆ ದೂರದ ಒಂದು ಸಣ್ಣ ದ್ವೀಪದ ಮೇಲೆ ಸಮುದ್ರ ಉಕ್ಕಿ ಹೋಗಿತ್ತು. ಅಲ್ಲಿ ಉಳಿದಿದ್ದು ಒಂದೇ ಒಂದು ಸ್ಯಾಟಲೈಟ್ ಫೋನು. ಅದರ ಬ್ಯಾಟರಿ ಬಿಸಿಲಿನಲ್ಲಿ ತುಂಬಿ ದಿನವೂ ಮೂರು ಗಂಟೆಗೆ ಅರ್ಧ ನಿಮಿಷ ಮಾತಿಗೆ ಒದಗುತ್ತಿತ್ತು. ಆ ಕರೆಯನ್ನು ತಾನೇ ತೆಗೆದುಕೊಳ್ಳುತ್ತೇನೆ ಎಂದು ಮೊದಲ ದಿನವೇ ಸುಕೇಶ ಹೇಳಿಬಿಟ್ಟಿದ್ದ.

ಫೋನು ಅದುರಿತು.

"ಕಾಯಿನ್ ಕಪಾನ್," ಎಂದಿತು ಆ ಕಡೆಯ ಗಂಡು ದನಿ. ಎಂದಿನಂತೆ ಅಷ್ಟೇ. ಆಮೇಲೆ ಒಂದು ಸಂಖ್ಯೆ: ನೂರಾ ಮೂವತ್ತೊಂದು.

"ಹರಿ ಖಮಿಸ್," ಎಂದ ಸುಕೇಶ. ಗುರುವಾರ.

ಆ ಕಡೆ ಸುಮ್ಮನಾಯಿತು. ಈ ಮೌನ ದಿನವೂ ಇರುತ್ತಿತ್ತು, ದಿನವೂ ಅವನಿಗೆ ಇರುಸುಮುರುಸಾಗುತ್ತಿತ್ತು. ಮಾತಾಡುವವನ ಹಿಂದೆ ಯಾವ ಸದ್ದೂ ಇರುತ್ತಿರಲಿಲ್ಲ. ನಾಯಿ ಬೊಗಳುವುದಿಲ್ಲ, ಮಗು ಅಳುವುದಿಲ್ಲ, ಕೋಳಿ ಕೂಡ ಕೂಗುವುದಿಲ್ಲ. ಊರೆಂದ ಮೇಲೆ ಏನಾದರೊಂದು ಕೇಳಬೇಕಲ್ಲ. ಕೊನೆಗೆ "ತೆರಿಮಾ ಕಾಸಿ" ಎಂಬ ಧನ್ಯವಾದ ಬಂತು. ಕರೆ ಕಡಿಯಿತು.

ಸುಕೇಶ ನೋಟ್‌ಬುಕ್ಕಿನಲ್ಲಿ 'ಬಟ್ಟೆ ಯಾವಾಗ, 131 ಜನ' ಎಂದು ಬರೆದ. ಕಾಯಿನ್ ಎಂದರೆ ಬಟ್ಟೆ. ಕಪಾನ್ ಎಂದರೆ ಯಾವಾಗ. ಮೇಲಿನ ಸಾಲುಗಳಲ್ಲಿ ನಲವತ್ತು, ಐವತ್ತೆಂಟು, ಎಂಬತ್ತನಾಲ್ಕು, ನೂರಾ ಹತ್ತು ಎಂದಿತ್ತು. ದಿನದಿಂದ ದಿನಕ್ಕೆ ಹೆಚ್ಚು ಜನ ಬಟ್ಟೆ ಕೇಳುತ್ತಿದ್ದಾರೆ, ಪಾಪ, ಉಟ್ಟ ಬಟ್ಟೆಯಲ್ಲೇ ಓಡಿ ಬಂದವರು ಎಂದು ಅವನು ಮರುಗಿದ. ಹೋದ ವಾರವೇ ದೋಣಿಯಲ್ಲಿ ಇನ್ನೂರು ಟೀ ಶರ್ಟ್ ಕಳಿಸಿಯಾಗಿತ್ತು. ಮ್ಯಾರಥಾನ್ ನಡೆಸಿದವರು ಮಿಕ್ಕಿದ್ದನ್ನು ದಾನ ಕೊಟ್ಟಿದ್ದರು. ಬಿಳಿ ಬಣ್ಣ, ಎದೆಯ ಮೇಲೆ 'ಫಿನಿಶರ್' ಎಂಬ ದಪ್ಪ ಅಕ್ಷರ. ಗುರುವಾರದ ವಿಮಾನಕ್ಕೆ ಇನ್ನೂ ಆರುನೂರು ಸಿದ್ಧವಾಗುತ್ತಿದ್ದವು.

ಪ್ಯಾಕಿಂಗ್ ನೋಡಿಕೊಳ್ಳುತ್ತಿದ್ದ ಜೈತೂನ್ ಎಂಬ ಮಲಯ ಹೆಂಗಸು ಮೊದಲ ವಾರದಲ್ಲೇ, "ಒಂದ್ಸಲ ಫೋನ್ ನನ್ ಕೈಗೆ ಕೊಡು, ನಾನು ಮಾತಾಡ್ತೀನಿ" ಎಂದು ಕೇಳಿದ್ದರು. "ಬೇಡ ಮಕ್‌ಚಿಕ್, ನನಗೆ ಭಾಷೆ ಬರುತ್ತೆ" ಎಂದು ಸುಕೇಶ ನಕ್ಕಿದ್ದ. ಮಕ್‌ಚಿಕ್ ಎಂದರೆ ಚಿಕ್ಕಮ್ಮ. ಗೋದಾಮಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು.

ಸಂಸ್ಥೆಯ ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ಪ್ರಾಪ್ತಿ ಅಷ್ಟರಲ್ಲಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ.

"ಅಂಕಲ್, ದೋಣಿಯವರು ಐಲ್ಯಾಂಡ್‌ನಿಂದ ವಾಪಸ್ ಬಂದು ಫೋಟೊ ಕಳ್ಸಿದಾರೆ. ನಮ್ ಟೀ ಶರ್ಟ್ ರೀಚ್ ಆಗಿದೆ. ಸೋ ನೀಟ್ ಲಾ, ಬಂಡಲ್ ಮಾಡಿ ಲೈನಾಗಿ ಇಟ್ಟಿದಾರೆ. ಪೋಸ್ಟ್ ಮಾಡ್ಲಾ?"

ಸುಕೇಶ ನೋಡಿದ. ಮರಳಿನ ಮೇಲೆ ಬಿಳಿ ಗಂಟುಗಳ ಸಾಲು. ಶರ್ಟುಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದು ಉದ್ದುದ್ದಕ್ಕೆ ಕಟ್ಟಿದ್ದರು. ಅಲ್ಲಲ್ಲಿ 'ಫಿನಿಶರ್' ಎಂಬ ಅಕ್ಷರ ಮೇಲೆ ಬಂದಿತ್ತು. ಹಂಚದೆ ಹೀಗೇಕೆ ಕಟ್ಟಿಟ್ಟಿದ್ದಾರೆ ಎಂದು ಒಂದು ಕ್ಷಣ ಅನ್ನಿಸಿತು. ಮಳೆಗೆ ನೆನೆಯಬಾರದೆಂದು ಇರಬೇಕು.

"ಚೆನ್ನಾಗಿದೆ. ಮಾಡು," ಎಂದ.

ಜೈತೂನ್ ಟೇಪು ಹಚ್ಚುತ್ತಿದ್ದವರು ಹಾಗೇ ಬಗ್ಗಿ ಪರದೆ ನೋಡಿದರು. ಅವರ ಕೈಯಿಂದ ಟೇಪಿನ ಸುರುಳಿ ಜಾರಿ ನೆಲದ ಮೇಲೆ ದೂರದವರೆಗೆ ಉರುಳಿಕೊಂಡು ಹೋಯಿತು. ಅದನ್ನು ಎತ್ತಿಕೊಳ್ಳಲು ಅವರು ಹೋಗಲಿಲ್ಲ. ಎರಡು ಅಂಗೈ ಮುಂದೆ ಹಿಡಿದು ತುಟಿಯಲ್ಲೇ ಪ್ರಾರ್ಥನೆ ಹೇಳಿಕೊಂಡರು.

"ಅದು ಬಟ್ಟೆ ಗಂಟಲ್ಲ," ಎಂದರು. "ಒಳಗೆ ಜನ ಇದಾರೆ."

ಪ್ರಾಪ್ತಿ ಲ್ಯಾಪ್‌ಟಾಪ್ ಮುಚ್ಚಿದಳು. ಆದರೆ ಸುಕೇಶ ನೋಡಬೇಕಾದ್ದನ್ನು ನೋಡಿಬಿಟ್ಟಿದ್ದ. ಸಾಲಿನ ಕೊನೆಯಲ್ಲಿ ಮೂರು ಗಂಟುಗಳಿದ್ದವು. ಒಂದೊಂದಕ್ಕೂ ಒಂದೊಂದೇ ಶರ್ಟು ಸಾಕಾಗಿತ್ತು.

"ಅವರು ದಿನಾ ಫೋನಲ್ಲಿ ಏನ್ ಕೇಳ್ತಿದ್ರು?" ಎಂದು ಜೈತೂನ್ ಕೇಳಿದರು.

ಸುಕೇಶ ಹೇಳಿದ. ಜೈತೂನ್ ಆ ಮಾತಿನ ಅರ್ಥ ಬಿಡಿಸಿ ತಿಳಿಸಿದರು. ಅವನು ಕಲಿತ ಪೇಟೆಯ ಇಂಡೋನೇಷ್ಯನ್ ಭಾಷೆಯಲ್ಲಿ ಕಪಾನ್ ಎಂದರೆ ಯಾವಾಗ ಎಂದೇ ಅರ್ಥ. ಆ ದ್ವೀಪದವರಿಗೂ ಜೈತೂನ್‌ಗೂ ಯಾವಾಗ ಎನ್ನುವುದಕ್ಕೆ ಬೇರೆಯೇ ಮಾತಿದೆ. ಅವರ ಮಲಯ ಭಾಷೆಯಲ್ಲಿ ಕಾಯಿನ್ ಕಪಾನ್ ಎರಡೂ ಸೇರಿ ಒಂದೇ ವಸ್ತು. ಹೆಣಕ್ಕೆ ಸುತ್ತುವ ಬಿಳಿ ಬಟ್ಟೆ.

ನಲವತ್ತು, ಐವತ್ತೆಂಟು, ಎಂಬತ್ತನಾಲ್ಕು. ನೋಟ್‌ಬುಕ್ಕು ತೆರೆದೇ ಇತ್ತು. ತನ್ನದೇ ಕೈಬರಹ ಯಾರದೋ ಎಂಬಂತೆ ಸುಕೇಶನಿಗೆ ಕಂಡಿತು. ಮನುಷ್ಯನೊಬ್ಬ ದಿನವೂ ತನ್ನೂರಿನ ಸತ್ತವರ ಲೆಕ್ಕ ಒಪ್ಪಿಸುತ್ತಿದ್ದ. ತಾನು ದಿನವೂ ಉತ್ಸಾಹದಿಂದ ಗುರುವಾರ ಎನ್ನುತ್ತಿದ್ದ. ಆ ಮೌನದಲ್ಲಿ ಆ ಮನುಷ್ಯ ಏನೆಂದುಕೊಂಡಿರಬೇಕು? ನಾಚಿಕೆಯಿಂದ ಸುಕೇಶನಿಗೆ ತಲೆಯೆತ್ತಲಾಗಲಿಲ್ಲ.

ಮರುದಿನ ಮಂಗಳವಾರ. ಮಧ್ಯಾಹ್ನ ಕಲ್ಲಾಂಗ್‌ನ ಆಫೀಸಿನಲ್ಲಿ ಅವನು ಸಂಸ್ಥೆಯ ನಿರ್ದೇಶಕ ದ್ವಾರಕನಾಥರ ಎದುರು ಕುಳಿತಿದ್ದ. ಮೊಬೈಲನ್ನು ಜೊತೆಗೇ ತಂದಿದ್ದ. ವಿಮಾನದ ಸಾಮಾನು ಪಟ್ಟಿಯಲ್ಲಿ ಒಂದು ಹೊಸ ಸಾಲು ಸೇರಿಸಿದ್ದ: ಶವವಸ್ತ್ರ, ನೂರೈವತ್ತು.

ದ್ವಾರಕನಾಥ್ ಕೆಟ್ಟವರಲ್ಲ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿ ಕೂದಲು ಹಣ್ಣಾದವರು. ಪಟ್ಟಿ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸುಕೇಶ್, ಅವರ ಗವರ್ನಮೆಂಟ್ ಡೆತ್ಸ್ ಎಷ್ಟು ಅಂತ ಅನೌನ್ಸ್ ಮಾಡಿದೆ ಗೊತ್ತಾ? ಹದಿನಾಲ್ಕು. ನಾವು ನೂರೈವತ್ತು ಕಳಿಸಿದ್ರೆ ಏನರ್ಥ? ನೀವು ಸುಳ್ಳು ಹೇಳ್ತಿದೀರಿ ಅಂತ ನಾವು ಅಫಿಷಿಯಲ್ ಆಗಿ ಹೇಳ್ದಂಗೆ."

"ನಿಜ ಅದೇ ತಾನೆ ಸಾರ್?"

"ನಿಜ ಹೇಳೋಕೆ ನಾವೇನು ದೊಡ್ಡ ದೇಶಾನಾ? ಮ್ಯಾಪಲ್ಲಿ ಒಂದು ಚುಕ್ಕೆ. ಲ್ಯಾಂಡಿಂಗ್ ಪರ್ಮಿಷನ್ ಕೊಡೋರು ಅವರು. ಈ ಒಂದು ಸಾಲು ನೋಡಿ ಬೇಡ ಅಂದ್ರೆ ವಾಟರ್ ಫಿಲ್ಟರ್ ಹೋಗಲ್ಲ, ಓಆರ್‌ಎಸ್ ಹೋಗಲ್ಲ. ಅಲ್ಲಿ ನೀರು ಕೆಟ್ಟು ಜನ ಸಾಯ್ತಿದಾರೆ. ಬದುಕಿರೋರನ್ನ ಬಿಟ್ಟು ಸತ್ತವರಿಗೋಸ್ಕರ ಫ್ಲೈಟ್ ನಿಲ್ಲಿಸ್ಲಾ? ನೀವೇ ಹೇಳಿ."

ಅವರು ಹೇಳುವುದರಲ್ಲಿ ತಪ್ಪಿರಲಿಲ್ಲ.

"ಅವರು ಕೇಳಿದ್ದನ್ನ ಕೊಡಬೇಕು, ನಮಗೆ ತೋಚಿದ್ದನ್ನಲ್ಲ ಅಂತ ನೀವೇ ಟ್ರೈನಿಂಗಲ್ಲಿ ಹೇಳಿದ್ರಿ ಸಾರ್."

"ಅವರು ಅಂದ್ರೆ ಅವರ ಗವರ್ನಮೆಂಟ್. ಯಾವುದೋ ಊರಿನ ಯಾರೋ ಒಬ್ಬ ಅಲ್ಲ."

"ಸತ್ತವರು ಕೇಳ್ತಿಲ್ಲ ಸಾರ್," ಎಂದ ಸುಕೇಶ ತಗ್ಗಿದ ದನಿಯಲ್ಲಿ. "ಬದುಕಿರೋರೇ ಕೇಳ್ತಿರೋದು. ಕುಡಿಯೋ ನೀರಿಗಿಂತ ಮೊದಲು ಅದನ್ನೇ ಕೇಳಿದಾರೆ. ಹನ್ನೊಂದು ದಿನ ಬೇರೆ ಏನೂ ಕೇಳಿಲ್ಲ. ನಾವು ಅವರಿಗೆ ಮ್ಯಾರಥಾನ್ ಶರ್ಟ್ ಕಳಿಸಿದೀವಿ."

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆಯಾಗಿತ್ತು. ಇಬ್ಬರ ಕಣ್ಣೂ ಮೇಜಿನ ಮೇಲಿನ ಮೊಬೈಲಿನ ಮೇಲೆ ಹೋಯಿತು.

ಅದು ಅದುರಲಿಲ್ಲ.

ಮೂರು ಹತ್ತಾಯಿತು. ಮೂರೂ ಕಾಲಾಯಿತು. ಕಿಟಕಿಯಾಚೆ ಕ್ರೀಡಾಂಗಣದ ಗುಮ್ಮಟ ಹೇಜ್‌ನಲ್ಲಿ ಕರಗಿಹೋಗಿತ್ತು. ಹವಾನಿಯಂತ್ರಕದ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಆಗ ಆ ಕೋಣೆಯೊಳಗೂ ಅದೇ ಮೌನ ಬಂದು ಕುಳಿತಂತೆ ಸುಕೇಶನಿಗೆ ಅನ್ನಿಸಿತು. ನಾಯಿಯಿಲ್ಲದ, ಮಗುವಿಲ್ಲದ, ಕೋಳಿಯಿಲ್ಲದ ಆ ಮೌನ. ದ್ವಾರಕನಾಥ್ ಕೂಡ ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದರು. ಫೋನಿನ ಮೇಲಿಟ್ಟ ಕಣ್ಣನ್ನು ಅವರು ಕೀಳಲಿಲ್ಲ.

"ದಿನಾ ಕರೆಕ್ಟಾಗಿ ಮೂರಕ್ಕೇ ಬರ್ತಿತ್ತಾ?"

"ಒಂದು ದಿನಾನೂ ತಪ್ಪಿಲ್ಲ ಸಾರ್."

ಮೂರೂವರೆಗೆ ಸುಕೇಶ ಪಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ. ಶವವಸ್ತ್ರ ಎಂಬ ಸಾಲನ್ನು ಹೊಡೆದುಹಾಕಿದ. ಅದರ ಮೇಲಿದ್ದ 'ಉಡುಪು: ಟೀ ಶರ್ಟ್, 600' ಎಂಬುದನ್ನೂ ಹೊಡೆದ. ಆ ಜಾಗದಲ್ಲಿ 'ಬಿಳಿ ಹತ್ತಿ ಬಟ್ಟೆ, ಕತ್ತರಿಸದ ಥಾನು' ಎಂದು ಬರೆದು ಹಿರಿಯರ ಮುಂದೆ ಇಟ್ಟ. ತೂಕ ಹೆಚ್ಚೂಕಡಿಮೆ ಅಷ್ಟೇ.

ದ್ವಾರಕನಾಥ್ ಕನ್ನಡಕ ಹಾಕಿಕೊಂಡು ಅದನ್ನು ಓದಿದರು.

"ಇದು ಬರೀ ಬಟ್ಟೆ ತಾನೆ?"

"ಬಟ್ಟೆ ಸಾರ್."

"ಏನಕ್ಕೆ ಅಂತ ಯಾರಾದ್ರೂ ಕೇಳಿದ್ರೆ?"

"ಪರದೆ ಹೊಲೀಬಹುದು. ಹಾಸಿಗೆ ಮೇಲೆ ಹಾಸಬಹುದು. ಅವರಿಷ್ಟ."

ಅವರು ಸಹಿ ಹಾಕಿದರು. ಪೆನ್ನು ಮುಚ್ಚಿ, ಮತ್ತೆ ತೆರೆದು, ಥಾನುಗಳ ಸಂಖ್ಯೆಯನ್ನು ತಾವೇ ತಿದ್ದಿ ಹೆಚ್ಚಿಸಿದರು. "ಫೋಟೊ ಬೇಡ ಇದಕ್ಕೆ. ಪ್ರಾಪ್ತಿಗೆ ಹೇಳಿ," ಎಂದರು.

ಬುಧವಾರ ಥಾನುಗಳು ಟುವಾಸ್‌ಗೆ ಬಂದವು. ಜೈತೂನ್ ಒಂದೊಂದನ್ನೂ ಬಿಚ್ಚಿ ಕಲೆಯಿದೆಯೇ, ಹರಿದಿದೆಯೇ ಎಂದು ನೋಡಿ ಮಡಚಿಟ್ಟರು. ಎರಡು ಥಾನು ಪಕ್ಕಕ್ಕೆ ತೆಗೆದರು. ಸುಕೇಶ ಅವರ ಜೊತೆ ನೆಲದ ಮೇಲೆ ಕುಳಿತು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಿದ್ದ. ಅವನ ಊರಲ್ಲಿ ಸಾವಿನ ಮನೆಗೆ ಹೋಗುವ ನೆಂಟರು ಒಂದು ಬಿಳಿ ಬಟ್ಟೆ ಒಯ್ದು ಹೊದಿಸುತ್ತಾರೆ. ಆ ಬಟ್ಟೆಯನ್ನು ಬೇರೆಯವರ ಕೈಯಲ್ಲಿ ಕೊಟ್ಟು ಕಳಿಸುವುದಿಲ್ಲ. ತಾನೇ ಹೋಗಲಾಗದ ಕಡೆಗೆ ಕಳಿಸುವ ಬಟ್ಟೆಯ ಮಡಿಕೆಯನ್ನಾದರೂ ತಾನೇ ಹಾಕೋಣ ಎಂದು ಅವನಿಗೆ ಅನ್ನಿಸಿತ್ತು.

ಮೂರು ಗಂಟೆಗೆ ಮೊಬೈಲು ಅದುರಿತು.

ಸುಕೇಶ ಅದನ್ನೆತ್ತಿ ಸ್ಪೀಕರ್ ಒತ್ತಿ, ಜೈತೂನ್ ಕೈಗೆ ಕೊಟ್ಟ. "ನೀವು ಮಾತಾಡಿ ಮಕ್‌ಚಿಕ್. ನನಗೆ ಬರಲ್ಲ."

ಆ ಕಡೆಯಿಂದ ಬಂದದ್ದು ಹೆಣ್ಣಿನ ದನಿ. ಎಳೆಯದು, ಒಣಗಿದ್ದು. ಅದೇ ಎರಡು ಮಾತು, ಆಮೇಲೆ ಸಂಖ್ಯೆ. ನೂರಾ ನಲವತ್ತಾರು.

ಬಟ್ಟೆ ಸಿದ್ಧವಿದೆ, ನಾಳೆ ಬರುತ್ತದೆ ಎಂದು ಜೈತೂನ್ ಮೆಲ್ಲಗೆ ಹೇಳಿದರು. ಆಮೇಲೆ ಸುಕೇಶನ ಮುಖ ನೋಡಿ, ದಿನವೂ ಮಾತಾಡುತ್ತಿದ್ದವರು ಎಲ್ಲಿ ಎಂದು ಕೇಳಿದರು.

ಹುಡುಗಿಯ ಉತ್ತರ ಸುಕೇಶನಿಗೂ ಅರ್ಥವಾಯಿತು. ಅದನ್ನು ತಪ್ಪು ತಿಳಿಯಲು ಅದರಲ್ಲಿ ಏನೂ ಇರಲಿಲ್ಲ.

"ಅವರನ್ನೂ ಸೇರಿಸಿಯೇ ಹೇಳಿದ್ದೇನೆ."

ಅರ್ಧ ನಿಮಿಷದಲ್ಲಿ ಎಷ್ಟು ಉಳಿದಿತ್ತೋ ಯಾರಿಗೂ ತಿಳಿಯದು. ಹನ್ನೊಂದು ದಿನ ತಾನು ಆ ಮನುಷ್ಯನನ್ನು ಏನೊಂದನ್ನೂ ಕೇಳಿರಲಿಲ್ಲ ಎಂಬುದು ಸುಕೇಶನಿಗೆ ಆಗ ಹೊಳೆಯಿತು. ಹೆಸರು ಕೂಡ ಕೇಳಿರಲಿಲ್ಲ.

"ಮಕ್‌ಚಿಕ್, ಕೇಳಿ," ಎಂದ. "ಎಷ್ಟು ಎತ್ತರ ಇದ್ರು ಅಂತ ಕೇಳಿ."

ಜೈತೂನ್ ಕೇಳಿದರು. ಆ ಕಡೆ ಮೌನವಾಯಿತು. ಕರೆ ಕಡಿಯಿತು ಎಂದೇ ಅವನು ಅಂದುಕೊಂಡ. ಆಮೇಲೆ ಹುಡುಗಿ ಏನೋ ಹೇಳಿದಳು. ಉದ್ದವಾದ ಒಂದು ಮಾತು, ಮಧ್ಯದಲ್ಲಿ ದನಿ ಒಡೆಯಿತು. ಅದರ ಕೊನೆಯೊಂದಿಗೇ ಫೋನು ನಿಂತಿತು.

ಜೈತೂನ್ ಕಣ್ಣು ಒರೆಸಿಕೊಂಡರು. "ಅವಳ ಅಪ್ಪ ಅಂತೆ. ಹೆಸರು ಇದ್ರಿಸ್. ಮನೆ ಬಾಗಿಲು ದಾಟುವಾಗ ತಲೆ ಬಗ್ಗಿಸ್ತಿದ್ರಂತೆ."

ಸುಕೇಶ ಎದ್ದ. ಕಟ್ಟಿಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ ಒಂದು ಥಾನು ಹೊರಗೆ ತೆಗೆದು ಶುಭ್ರವಾದ ರಟ್ಟಿನ ಮೇಲೆ ಹಾಸಿದ. ಒಬ್ಬ ಗಂಡಸಿಗೆ ಎಷ್ಟು ಬೇಕೆಂದು ಜೈತೂನ್ ಅಳೆದು ಬೆರಳಿಟ್ಟು ತೋರಿಸಿದರು. ಆ ಗುರುತು ದಾಟಿ ಇನ್ನೊಂದು ಮೊಳ ಬಿಟ್ಟು ಅವನು ಕತ್ತರಿ ಇಟ್ಟ.